ಹಾಸನದ ಪೆನ್‌ಡ್ರೈವ್ ಕೇಸು: ತಿಳ್ಕೊಳ್ಳೋ ಹಕ್ಕು ಬೇರೆ, ನೋಡೋ ಹಕ್ಕು ಬೇರೆ

ರಾಜಕಾರಣಿಗಳ ಪರ್ಸನಲ್ ಲೈಫ್ ವಿಷಯ ಬಂದ್ರೆ ನಮ್ ಜನ ಎರಡು ಪಾರ್ಟಿ ಆಗ್ಬಿಡ್ತಾರೆ. ವೋಟ್ ಹಾಕೋರು ನಾವು, ಅವರ ಸಂಬಳ ಕಾರು ಗನ್‌ಮ್ಯಾನ್ ಎಲ್ಲಾ ನಮ್ ದುಡ್ಡು, ಹಂಗಾಗಿ ಅವರ ಬಗ್ಗೆ ಎಲ್ಲಾನೂ ಗೊತ್ತಾಗ್ಬೇಕು ಅನ್ನೋದು ಒಂದು ಪಾರ್ಟಿ. ಅವ್ರೂ ಮನುಷ್ಯರೇ ಕಣ್ರೀ, ಕೆಲಸ ಸರಿಯಾಗಿ ಮಾಡಿದ್ರೆ ಸಾಕು, ಮನೆ ಬಾಗಿಲು ಹಾಕ್ಕೊಂಡ್ಮೇಲೆ ನಮಗೇನು ಅನ್ನೋದು ಇನ್ನೊಂದು. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಇದ್ದೋರಿಗೆ ಈ ಎರಡು ಮಾತೂ ಅರ್ಧಂಬರ್ಧ ಅನ್ಸುತ್ತೆ, ಯಾಕಂದ್ರೆ ಇಲ್ಲಿ ನನ್ನ ವಿಷಯ ಹೊರಗೆ ಬರ್ಬಾರ್ದು ಅಂತ ಕೋರ್ಟಿಗೆ ಹೋಗಿದ್ದೋನು ಆಗಿನ ಎಂಪಿ ಪ್ರಜ್ವಲ್ ರೇವಣ್ಣ, ಖಾಸಗಿ ಬದುಕು ಬೀದಿಗೆ ಬಿದ್ದಿದ್ದು ಬೇರೆಯೋರದ್ದು. ಆ ಪ್ರಕರಣನ ಪೂರ್ತಿ ಬಿಡಿಸಿ ನೋಡೋಣ ಅಂತ ಕೂತಿದೀನಿ. ಸ್ವಲ್ಪ ಉದ್ದ ಇದೆ.

ಏನೇನಾಯ್ತು

ಹಾಸನ ಲೋಕಸಭಾ ಕ್ಷೇತ್ರ ಅಂದ್ರೆ ಬರೀ ಹಾಸನ ಜಿಲ್ಲೆ ಅಲ್ಲ, ಚಿಕ್ಕಮಗಳೂರು ಜಿಲ್ಲೆಯ ಕಡೂರೂ ಇದ್ರೊಳಗೆ ಬರುತ್ತೆ. 2019ರಲ್ಲಿ ದೇವೇಗೌಡ್ರು ಈ ಸೀಟನ್ನ ಮೊಮ್ಮಗ ಪ್ರಜ್ವಲ್ ರೇವಣ್ಣಂಗೆ ಬಿಟ್ಕೊಟ್ಟು ತಾವು ತುಮಕೂರಿಗೆ ಹೋಗಿ ಸೋತ್ರು, ಮೊಮ್ಮಗ ಇಲ್ಲಿ ಗೆದ್ದ. ಆ ಸಲ ರಾಜ್ಯದಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದು ಅವನೊಬ್ಬನೇ. ತಾತ ಮಾಜಿ ಪ್ರಧಾನಿ, ಅಪ್ಪ ಹೊಳೆನರಸೀಪುರದ ಎಂಎಲ್‌ಎ, ಚಿಕ್ಕಪ್ಪ ಆಗ ಮುಖ್ಯಮಂತ್ರಿ. ಈ ಜಿಲ್ಲೇಲಿ ಆ ಮನೆ ಅಂದ್ರೆ ಏನು ಅಂತ ಹೊರಗಿನೋರಿಗೆ ಹೇಳೋದು ಕಷ್ಟ. ಟ್ರಾನ್ಸ್‌ಫರ್ ಆಗ್ಲಿ, ಕೆಲಸ ಆಗ್ಲಿ, ಬೋರ್‌ವೆಲ್ಲು, ಹಾಸ್ಟೆಲ್ ಸೀಟು, ಮಗಳಿಗೊಂದು ನರ್ಸ್ ಪೋಸ್ಟು, ಏನೇ ಬೇಕಿದ್ರೂ ಜನ ಒಂದು ಲೆಟರ್‌ಗೋಸ್ಕರ ಹೋಗಿ ನಿಲ್ತಿದ್ದದ್ದು ಅಲ್ಲಿಗೇ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

2023ರ ಜೂನ್‌ನಲ್ಲಿ ಪ್ರಜ್ವಲ್ ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಗಿ, ತನ್ನ ಬಗ್ಗೆ ತಿರುಚಿದ ವಿಡಿಯೋ, ಸುಳ್ಳು ಸುದ್ದಿ ಹಾಕೋ ಹಂಗಿಲ್ಲ ಅಂತ ತಡೆಯಾಜ್ಞೆ ತಂದ. ಒಂದೆರಡು ಚಾನೆಲ್ ಮೇಲಲ್ಲ, 86 ಮಾಧ್ಯಮಗಳ ಮೇಲೆ, ಜೊತೆಗೆ ಕೆಲವು ವ್ಯಕ್ತಿಗಳ ಮೇಲೂ. ಊರಲ್ಲಿ ಎಲ್ರೂ "ಸ್ಟೇ ತಂದವ್ನಂತೆ" ಅಂದ್ರು. ಸ್ಟೇ ತಂದಿದ್ದಕ್ಕೇ ಒಳಗೆ ಏನೋ ಇದೆ ಅನ್ನೋದು ಊರಿಗೆಲ್ಲ ಗೊತ್ತಾಗಿದ್ದು, ಅದು ಬೇರೆ ಮಾತು. ಅದೇ ವರ್ಷ ಸೆಪ್ಟೆಂಬರ್ 1ಕ್ಕೆ ಹೈಕೋರ್ಟ್ ಅವನ 2019ರ ಗೆಲುವನ್ನೇ ಅಸಿಂಧು ಅಂತ ಹೇಳ್ತು, ಕಾರಣ ನಾಮಪತ್ರದ ಜೊತೆ ಕೊಟ್ಟ ಅಫಿಡವಿಟ್‌ನಲ್ಲಿ ಆಸ್ತಿ ವಿವರ ಸರಿಯಾಗಿ ತೋರ್ಸಿಲ್ಲ ಅಂತ. ಅದಕ್ಕೆ ಸುಪ್ರೀಂ ಕೋರ್ಟ್ ಅದೇ ತಿಂಗಳು ತಡೆ ಕೊಡ್ತು, ಎಂಪಿಗಿರಿ ಮುಂದುವರೀತು.

2024ರ ಏಪ್ರಿಲ್ 26ಕ್ಕೆ ಇಲ್ಲಿ ಮತದಾನ. ಅದಕ್ಕೆ ಇನ್ನೂ ನಾಲ್ಕೈದು ದಿನ ಇರೋವಾಗ ಪೆನ್‌ಡ್ರೈವ್ ಸುದ್ದಿ ಹಬ್ತು, ಒಳಗೆ ಪ್ರಜ್ವಲ್ ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದು ಅಂತ ಆರೋಪ ಇರೋ ವಿಡಿಯೋಗಳು. ಬಸ್ ಸ್ಟ್ಯಾಂಡಲ್ಲಿ ಬಿದ್ದಿತ್ತಂತೆ, ಪಾರ್ಕ್‌ನಲ್ಲಿ ಸಿಕ್ತಂತೆ, ಯಾರೋ ಬೈಕಲ್ಲಿ ಬಂದು ಎಸೆದು ಹೋದ್ರಂತೆ. ಒಂದು ದಿನ ಆಗೋದ್ರೊಳಗೆ ಪೆನ್‌ಡ್ರೈವೇ ಬೇಕಾಗ್ಲಿಲ್ಲ, ಎಲ್ಲಾ ಫೋನಿಗೆ ಬಂದ್ಬಿಟ್ಟಿತ್ತು. ಹೆಂಗಸರ ಮುಖ ಮುಚ್ಚಿರ್ಲಿಲ್ಲ. ಪ್ರಜ್ವಲ್‌ನ ಚುನಾವಣಾ ಏಜೆಂಟು ಇದೆಲ್ಲಾ ನಕಲಿ, ಹೆಸರು ಕೆಡಿಸೋಕೆ ಮಾಡಿದ್ದು ಅಂತ ಹಾಸನದ ಪೊಲೀಸರಿಗೆ ದೂರು ಕೊಟ್ರು. ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ತನಿಖೆ ಮಾಡಿ ಅಂತ ಸರ್ಕಾರಕ್ಕೆ ಬರೆದ್ರು, 27ಕ್ಕೆ ಎಸ್‌ಐಟಿ (ವಿಶೇಷ ತನಿಖಾ ತಂಡ) ಘೋಷಣೆ ಆಯ್ತು, ಅಷ್ಟೊತ್ತಿಗೆ ಎಂಪಿ ಸಾಹೇಬ ಡಿಪ್ಲೊಮ್ಯಾಟಿಕ್ ಪಾಸ್‌ಪೋರ್ಟಲ್ಲಿ ಜರ್ಮನಿಗೆ ಹಾರಿದ್ದಾಗಿತ್ತು. ಮೊದಲ ಎಫ್‌ಐಆರ್ ಹೊಳೆನರಸೀಪುರದಲ್ಲಿ. ಮೇ ತಿಂಗಳಲ್ಲಿ ತಾತನೇ ವಾಪಸ್ ಬಾ ಅಂತ ಬಹಿರಂಗವಾಗಿ ಪತ್ರ ಬರೆದ್ರು, 30ಕ್ಕೆ ರಾಜ್ಯದ ಎಲ್ಲಾ ಕಡೆಯಿಂದ ಜನ ಬಂದು ಹಾಸನ ಚಲೋ ಅಂತ ಪ್ರತಿಭಟನೆ ಮಾಡಿದ್ರು, 31ಕ್ಕೆ ಬೆಂಗಳೂರಲ್ಲಿ ಇಳಿದ ತಕ್ಷಣ ಬಂಧನ. ಜೂನ್ 4ಕ್ಕೆ ರಿಸಲ್ಟು, ಕಾಂಗ್ರೆಸ್‌ನ ಶ್ರೇಯಸ್ ಪಟೇಲ್ ಪ್ರಜ್ವಲ್ ವಿರುದ್ಧ 42,649 ವೋಟ್ ಅಂತರದಲ್ಲಿ ಗೆದ್ರು.

2025ರ ಆಗಸ್ಟ್ 1ಕ್ಕೆ, ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಒಂದು ಕೇಸಲ್ಲಿ ಪ್ರಜ್ವಲ್ ಅತ್ಯಾಚಾರದ ಅಪರಾಧಿ ಅಂತ ತೀರ್ಪು ಕೊಡ್ತು, ಮರುದಿನ ಜೀವಾವಧಿ ಶಿಕ್ಷೆ. ದೂರು ಕೊಟ್ಟಿದ್ದು ಆ ಕುಟುಂಬದಲ್ಲಿ ಮನೆ ಕೆಲಸಕ್ಕಿದ್ದ ಹೆಣ್ಮಗಳು. ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹೋಗಿದೆ. ಇನ್ನುಳಿದ ಕೇಸುಗಳು ಬೇರೆ, ಅವುಗಳ ಬಗ್ಗೆ ಇಲ್ಲಿ ತೀರ್ಮಾನ ಕೊಡೋಕೆ ನಾನ್ಯಾರೂ ಅಲ್ಲ.

ಅಫಿಡವಿಟ್ಟಿಂದ ಶುರು ಮಾಡೋಣ

ಈ ಕೇಸಿನ ಬಗ್ಗೆ ಮಾತಾಡೋರು ಯಾರೂ ಆ 2023ರ ಅಫಿಡವಿಟ್ ತೀರ್ಪನ್ನ ಎತ್ತೋದಿಲ್ಲ, ಅದ್ರಲ್ಲಿ ಮಸಾಲೆ ಇಲ್ವಲ್ಲ. ನನಗೆ ಅದೇ ಮುಖ್ಯ ಅನ್ಸುತ್ತೆ. ಸಾರ್ವಜನಿಕ ವ್ಯಕ್ತಿ ಬಗ್ಗೆ ನಮಗೆ ಏನು ಗೊತ್ತಾಗ್ಬೇಕು ಅನ್ನೋದಕ್ಕೆ ಈ ದೇಶದಲ್ಲಿ ಒಂದು ಲಿಖಿತ ಉತ್ತರ ಇದ್ರೆ ಅದು ಆ ಅಫಿಡವಿಟ್ಟೇ. 2002ರಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿ ಮೇಲೆ ಎಷ್ಟು ಕ್ರಿಮಿನಲ್ ಕೇಸಿದೆ, ಅವನದ್ದೂ ಅವನ ಹೆಂಡತಿದ್ದೂ ಆಸ್ತಿ ಸಾಲ ಎಷ್ಟು, ಏನು ಓದಿದಾನೆ ಅನ್ನೋದು ತಿಳ್ಕೊಳ್ಳೋದು ಮತದಾರನ ಹಕ್ಕು ಅಂತ ಹೇಳ್ತು. ಪಾರ್ಲಿಮೆಂಟು ಅದನ್ನ ಮೊಟಕು ಮಾಡೋಕೆ ಹೋದಾಗ 2003ರಲ್ಲಿ ಅದನ್ನೂ ಹೊಡೆದುಹಾಕ್ತು. ಅಂದ್ರೆ ನನ್ನ ನಿಮ್ಮ ಬ್ಯಾಂಕ್ ಬ್ಯಾಲೆನ್ಸ್ ಪ್ರೈವೇಟು, ಎಲೆಕ್ಷನ್‌ಗೆ ನಿಂತೋನದ್ದು ಅಲ್ಲ.

ಆದ್ರೆ ಅದಕ್ಕೂ ಮಿತಿ ಇದೆ. ಹಾಸನದಲ್ಲಿ ಪೆನ್‌ಡ್ರೈವ್ ಬೀಳೋಕೆ ಎರಡೇ ವಾರ ಮುಂಚೆ, 2024ರ ಏಪ್ರಿಲ್ 9ಕ್ಕೆ, ಅರುಣಾಚಲ ಪ್ರದೇಶದ ಒಬ್ಬ ಎಂಎಲ್‌ಎ ಕೇಸಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳ್ತು. ಆತ ಒಂದು ಹಳೇ ಸ್ಕೂಟಿ, ಒಂದು ಓಮ್ನಿ ವ್ಯಾನು, ಒಂದು ಬೈಕು ತೋರ್ಸಿಲ್ಲ ಅಂತ ಎದುರಾಳಿ ತಕರಾರು. ಅಭ್ಯರ್ಥಿ ತನ್ನ ಬದುಕನ್ನ ಚಿಂದಿ ಚಿಂದಿ ಬಿಡಿಸಿ ತೋರ್ಸ್ಬೇಕಿಲ್ಲ, ಮತದಾರನಿಗೆ ಸಂಬಂಧ ಇಲ್ಲದ ವಿಷಯದಲ್ಲಿ ಅವನಿಗೂ ಖಾಸಗಿತನ ಉಳಿದೇ ಇರುತ್ತೆ ಅನ್ನೋದು ತೀರ್ಪಿನ ಸಾರ. ನನಗೆ ಇದು ಸರಿ ಕಾಣುತ್ತೆ. ಎಂಪಿ ಮನೇಲಿ ಯಾವ ಟಿವಿ ಇದೆ, ಯಾವ ವಾಚ್ ಕಟ್ತಾನೆ, ಯಾಕೆ ಇನ್ನೂ ಮದುವೆ ಆಗಿಲ್ಲ, ಯಾರ ಜಾತಕ ಬಂದಿತ್ತು, ಇದೆಲ್ಲಾ ನಮಗೆ ಬೇಡ. 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪು, ಒಂಬತ್ತು ಜಡ್ಜ್‌ಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು, ಅದ್ರಲ್ಲಿ ಎಲ್ಲೂ ರಾಜಕಾರಣಿಗಳನ್ನ ಬಿಟ್ಟು ಮಿಕ್ಕೋರಿಗೆ ಅಂತ ಬರೆದಿಲ್ಲ. (ಆ ಕೇಸು ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಲ್ಲೇ ಜಡ್ಜ್ ಆಗಿದ್ದೋರು. ಹಾಸನದ ಕಡೆ ಪುಟ್ಟಸ್ವಾಮಿ ಅಂದ್ರೆ 1999ರಲ್ಲಿ ದೇವೇಗೌಡ್ರನ್ನ ಸೋಲಿಸಿದ ಪುಟ್ಟಸ್ವಾಮಿಗೌಡ್ರು ನೆನಪಿಗೆ ಬರ್ತಾರೆ, ಅವ್ರ ಮೊಮ್ಮಗನೇ ಈಗಿನ ಎಂಪಿ ಶ್ರೇಯಸ್ ಪಟೇಲ್. ಅವರಿಗೂ ಇವರಿಗೂ ಸಂಬಂಧ ಇಲ್ಲ, ಮಿಕ್ಸ್ ಮಾಡ್ಕೋಬೇಡಿ.)

ಸ್ಟೇ ಯಾರನ್ನ ಕಾಪಾಡ್ತು

ನನ್ನ ಪ್ರಕಾರ ಈ ಪ್ರಕರಣದ ಗಂಟು ಇರೋದು ಇಲ್ಲೇ. ಕೋರ್ಟಿಗೆ ಹೋಗಿ ತಡೆ ಕೇಳೋದು ಯಾರಿಗಾದ್ರೂ ಇರೋ ಹಕ್ಕು, ಅದ್ರಲ್ಲಿ ತಪ್ಪೇನಿಲ್ಲ. ಆದ್ರೆ ಕರ್ನಾಟಕದಲ್ಲಿ ಇದು ಒಂದು ಅಭ್ಯಾಸನೇ ಆಗೋಗಿದೆ. 2021ರ ಮಾರ್ಚ್‌ನಲ್ಲಿ ಒಬ್ಬ ಮಂತ್ರಿ ಸಿಡಿ ಹೊರಗೆ ಬಂದು ರಾಜೀನಾಮೆ ಕೊಟ್ಟ ಕೂಡ್ಲೇ ಆರು ಜನ ಮಂತ್ರಿಗಳು ಒಟ್ಟಿಗೆ ಕೋರ್ಟಿಗೆ ಓಡಿ ನಮ್ಮ ಬಗ್ಗೆ ಏನೂ ಹಾಕ್ಬಾರ್ದು ಅಂತ ಮಾಧ್ಯಮಗಳ ಮೇಲೆ ತಡೆ ತಂದಿದ್ದು ನೆನಪಿರ್ಬೇಕು. ಏನು ಹಾಕ್ತಾರೆ ಅಂತ ಗೊತ್ತಿಲ್ಲದೇನೇ, ಹಾಕ್ಬಾರ್ದು ಅಂತ. ಎದುರು ಪಾರ್ಟಿ ಮಾತು ಕೇಳೋಕೂ ಮುಂಚೆ ಸಿಗೋ ಇಂಥ ಆದೇಶಗಳ ಬಗ್ಗೆ ಸುಪ್ರೀಂ ಕೋರ್ಟೇ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಅನ್ನೋ ಸುದ್ದಿ ಸಂಸ್ಥೆಯ ಕೇಸಲ್ಲಿ ಗದರಿತ್ತು, ಬರಹ ಸ್ಪಷ್ಟವಾಗಿ ಸುಳ್ಳು ಅಥವಾ ದುರುದ್ದೇಶದ್ದು ಅಂತ ಕಾಣದೆ, ತೀರಾ ಅಪರೂಪಕ್ಕಲ್ಲದೆ ಹಿಂಗೆಲ್ಲಾ ಪತ್ರಿಕೆ ಬಾಯಿ ಮುಚ್ಚಿಸ್ಬೇಡಿ ಅಂತ.

ಅದಕ್ಕೂ ಎಷ್ಟೋ ಹಿಂದೆ, 1994ರಲ್ಲಿ, ಪಕ್ಕದ ತಮಿಳುನಾಡಿನ ಆಟೋ ಶಂಕರ್ ಕೇಸಲ್ಲೇ ಇದು ತೀರ್ಮಾನ ಆಗಿತ್ತು. ಗಲ್ಲಿಗೆ ಕಾಯ್ತಿದ್ದ ಕೊಲೆಗಾರ ಜೈಲಲ್ಲಿ ತನ್ನ ಕಥೆ ಬರೆದು, ಯಾವ್ಯಾವ ಅಧಿಕಾರಿಗಳು ತನ್ನ ಜೊತೆ ಇದ್ರು ಅಂತ ಹೇಳೋಕೆ ಹೊರಟ, ಪತ್ರಿಕೆ ಹಾಕೋಕೆ ರೆಡಿ ಇತ್ತು, ಅಧಿಕಾರಿಗಳು ತಡೆಯೋಕೆ ನೋಡಿದ್ರು. ಪ್ರಕಟ ಆಗೋಕೆ ಮುಂಚೆ ತಡೆಯೋ ಹಕ್ಕು ನಿಮಗಿಲ್ಲ, ಸುಳ್ಳಿದ್ರೆ ಆಮೇಲೆ ಕೇಸ್ ಹಾಕಿ ಅಂತು ಕೋರ್ಟು. ಅದೇ ತೀರ್ಪಲ್ಲಿ, ಪ್ರತಿಯೊಬ್ಬರಿಗೂ ಸುಮ್ನೆ ಬಿಡ್ರಪ್ಪಾ ಅನ್ನೋ ಹಕ್ಕಿದೆ, ಸಂಸಾರ ಮದುವೆ ಮಕ್ಕಳು ಇವೆಲ್ಲಾ ಅವರವರದ್ದು ಅಂತಾನೂ ಹೇಳಿದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ: ಸರ್ಕಾರಿ ದಾಖಲೆಯಲ್ಲಿ ಇರೋ ವಿಷಯ ಯಾರು ಬೇಕಾದ್ರೂ ಬರೀಬಹುದು, ಆದ್ರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣಿನ ಹೆಸರು ಮಾತ್ರ ದಾಖಲೆಯಲ್ಲಿದ್ರೂ ಬರಿಯೋ ಹಾಗಿಲ್ಲ. ಮೂವತ್ತು ವರ್ಷ ಹಿಂದಿನ ತೀರ್ಪು ಇದು. ಹಾಸನದಲ್ಲಿ ಆಗಿದ್ದು ಇದಕ್ಕೆ ತದ್ವಿರುದ್ಧ. ಅಧಿಕಾರ ಇದ್ದೋನ ಬಗ್ಗೆ ಪತ್ರಿಕೆ ಬರಿಯೋ ಹಾಗಿರ್ಲಿಲ್ಲ, ಹೆಂಗಸರ ಮುಖ ಮಾತ್ರ ಮನೆಮನೆಗೆ ಹೋಯ್ತು.

ಸ್ಟೇ ಇದ್ದ ಆ ಹತ್ತು ತಿಂಗಳಲ್ಲಿ ಏನಾಗ್ಬಹುದಿತ್ತು ಅಂತ ಯೋಚನೆ ಮಾಡಿ. ಒಬ್ಬ ಜವಾಬ್ದಾರಿ ಇರೋ ವರದಿಗಾರ, ಒಂದು ವಿಡಿಯೋನೂ ಹಾಕದೆ, ಒಂದು ಹೆಸರೂ ಹೇಳದೆ, ಇಂಥ ಎಂಪಿ ಮೇಲೆ ಇಂಥ ಆರೋಪ ಇದೆ, ಇಷ್ಟು ಜನ ಮಾತಾಡೋಕೆ ತಯಾರಿದಾರೆ, ಪೊಲೀಸರು ಏನ್ಮಾಡ್ತಿದಾರೆ ಅಂತ ಕೇಳ್ಬಹುದಿತ್ತು. ಕೋರ್ಟ್ ಆದೇಶದಲ್ಲಿ ಇದ್ದಿದ್ದು ಸುಳ್ಳು, ತಿರುಚಿದ್ದು ಹಾಕ್ಬೇಡಿ ಅಂತ ಇರ್ಬಹುದು, ಆದ್ರೆ ನ್ಯೂಸ್ ರೂಮಲ್ಲಿ ಕೂತಿರೋ ಎಡಿಟರ್‌ಗೆ ಅದು ಕೇಳ್ಸೋದು ಆ ಮನೆ ಸಹವಾಸವೇ ಬೇಡ ಅಂತ. ತಡೆಯಾಜ್ಞೆಗೆ ಹೆದರೋದು ವಿಳಾಸ, ಲೈಸೆನ್ಸು, ವಕೀಲರು ಇರೋ ಪತ್ರಿಕೆ. ರಾತ್ರಿ ಬೈಕಲ್ಲಿ ಪೆನ್‌ಡ್ರೈವ್ ಎಸೆಯೋನಿಗೆ ಯಾವ ತಡೆಯಾಜ್ಞೆ? ಮುಖ ಬ್ಲರ್ ಮಾಡ್ಬೇಕು ಅನ್ನೋ ಬುದ್ಧಿ ಇದ್ದೋರ ಬಾಯಿ ಕಟ್ಟಿ, ಆ ಬುದ್ಧಿ ಇಲ್ಲದೋರ ಕೈಗೆ ಊರನ್ನ ಬಿಟ್ಟಂಗಾಯ್ತು. ಇದು ನನ್ನ ಅಭಿಪ್ರಾಯ, ವಕೀಲ ಮಿತ್ರರು ಒಪ್ಪದೇ ಇರ್ಬಹುದು.

ಊರು ಏನ್ಮಾಡ್ತು

ಆ ವಾರ ಹಾಸನದಲ್ಲಿ ಜನ ಕೇಳ್ತಿದ್ದದ್ದು ಒಂದೇ, "ನಿಂಗೆ ಬಂತಾ?" ಸಾಲಗಾಮೆ ರೋಡಿನ ಟೀ ಅಂಗಡೀಲೂ ಅದೇ, ಮದುವೆ ಮನೆ ಪಂಕ್ತಿಲೂ ಅದೇ. ಓದಿಕೊಂಡೋರು, ಮೇಷ್ಟ್ರುಗಳು, ಬ್ಯಾಂಕ್‌ನೋರು, ದಿನಾ ಸ್ಟೇಟಸ್‌ಗೆ ಬಸವಣ್ಣನ ವಚನ ಹಾಕೋರು, ಎಲ್ರೂ ಕೇಳೋರೇ. ಯಾರೂ ಪ್ರಜ್ವಲ್ ಮುಖ ನೋಡೋಕೆ ಕೇಳ್ತಿರ್ಲಿಲ್ಲ, ಅವನ ಮುಖ ಫ್ಲೆಕ್ಸ್‌ನಲ್ಲಿ ದಿನಾ ಕಾಣ್ತಿತ್ತಲ್ಲ. ಅದ್ರಲ್ಲಿ ನಮ್ಮೂರೋರು ಯಾರಿದಾರೆ ಅನ್ನೋದು ಕುತೂಹಲ. ಇಷ್ಟು ಚಿಕ್ಕ ಜಿಲ್ಲೇಲಿ ಒಂದು ಮುಖ ಕಂಡ್ರೆ ಸಾಕು, ಯಾವ ಊರು, ಯಾರ ಮನೆ ಸೊಸೆ, ಯಾವ ಆಫೀಸು, ಹತ್ತು ನಿಮಿಷದಲ್ಲಿ ಪತ್ತೆ. ಬೆಂಗಳೂರಲ್ಲಾದ್ರೆ ಜನಸಂದಣೀಲಿ ಕಳೆದುಹೋಗ್ಬಹುದು, ಅರಕಲಗೂಡಲ್ಲಿ ಎಲ್ಲಿ ಹೋಗ್ತೀರಾ.

ಕೆಲವು ಮನೆಗೆ ಬೀಗ ಬಿತ್ತು. ವಿಡಿಯೋದಲ್ಲಿ ಇದ್ದೋರದ್ದು ಒಂದು ಕಷ್ಟ ಆದ್ರೆ, ಇಲ್ಲದೋರದ್ದು ಇನ್ನೊಂದು. ಪಾರ್ಟಿ ಕೆಲಸ ಮಾಡಿದ್ದ ಹೆಂಗಸರು, ಯಾವುದೋ ಸಮಾರಂಭದಲ್ಲಿ ಎಂಪಿ ಜೊತೆ ಸೆಲ್ಫಿ ತಗೊಂಡಿದ್ದೋರು, ಎಲ್ಲಾ ಫೋಟೋ ಡಿಲೀಟ್ ಮಾಡೋಕೆ ಶುರು ಮಾಡಿದ್ರು. ಗಂಡಂದಿರು "ನೀನೂ ಅವತ್ತು ಲೆಟರ್ ತರೋಕೆ ಹೋಗಿದ್ದಲ್ಲ" ಅಂತ ಕೇಳೋಕೆ ಶುರು ಮಾಡಿದ್ರು ಅಂತ ಕೇಳಿದೀನಿ. ಪಂಚಾಯ್ತಿ ಮೆಂಬರ್ ಆದ ಹೆಣ್ಮಕ್ಕಳಿಗೆ ರಾಜಕೀಯಕ್ಕೆ ಬಂದ್ರೆ ಹಿಂಗೇ ಅನ್ನೋ ಮಾತು ಬಂತು. ಸಾರ್ವಜನಿಕ ಬದುಕಿನಲ್ಲಿರೋರ ಖಾಸಗಿತನ ಅಂತ ಚರ್ಚೆ ಮಾಡುವಾಗ ನಾವು ಯಾವಾಗ್ಲೂ ದೊಡ್ಡ ಗಂಡಸರನ್ನೇ ನೆನೆಸ್ಕೊಳ್ತೀವಿ. ಮೀಸಲಾತೀಲಿ ಗೆದ್ದು ಬಂದ ಒಬ್ಬ ಪಂಚಾಯ್ತಿ ಸದಸ್ಯೆನೂ ಸಾರ್ವಜನಿಕ ವ್ಯಕ್ತಿನೇ ಅಲ್ವಾ? ಅವಳ ಹತ್ರ ಕೋರ್ಟಿಗೆ ಹೋಗಿ 86 ಮಾಧ್ಯಮದ ಮೇಲೆ ತಡೆ ತರೋ ಶಕ್ತಿ ಎಲ್ಲಿದೆ. ಮಾಧ್ಯಮದ ಮಾತಿರ್ಲಿ, ಅವಳ ಬೀದಿಯ ವಾಟ್ಸಾಪ್ ಗ್ರೂಪಿನ ಮೇಲೆ ತರೋಕಾಗುತ್ತಾ?

ಎಸ್‌ಐಟಿ ಮೇ ತಿಂಗಳಲ್ಲಿ ಒಂದು ಪ್ರಕಟಣೆ ಹೊರಡಿಸ್ತು: ವಿಡಿಯೋ ಇಟ್ಕೊಳ್ಳೋದು, ಹಂಚೋದು ಅಪರಾಧ, ಯಾರು ಕಳ್ಸಿದ್ರು ಅಂತ ಪತ್ತೆ ಮಾಡೋದು ಸುಲಭ, ಐಟಿ ಕಾಯ್ದೆ 67ಎ, ಐಪಿಸಿ 228ಎ ಮತ್ತು 292 ಹಾಕ್ತೀವಿ ಅಂತ. ಹಂಚಿದ ಆರೋಪದ ಮೇಲೆ ಒಂದಿಬ್ಬರ ಬಂಧನನೂ ಆಯ್ತು. 228ಎ ಅಂದ್ರೆ ಸಂತ್ರಸ್ತೆಯ ಗುರುತು ಬಯಲು ಮಾಡೋದು, ಎರಡು ವರ್ಷದವರೆಗೆ ಜೈಲು, ಈಗಿನ ನ್ಯಾಯ ಸಂಹಿತೆಯಲ್ಲಿ ಅದು 72ನೇ ಸೆಕ್ಷನ್. 2018ರಲ್ಲಿ ಸುಪ್ರೀಂ ಕೋರ್ಟು ಹೆಸರು ಮಾತ್ರ ಅಲ್ಲ, ಇವಳೇ ಅಂತ ದೂರದಿಂದ ಗುರುತು ಹತ್ತೋ ಯಾವ ವಿವರನೂ ಕೊಡ್ಬಾರ್ದು ಅಂತ ಬಿಗಿ ಮಾಡಿತ್ತು. ಟಿವಿಯೋರು ಮುಖ ಬ್ಲರ್ ಮಾಡಿ ಅಂದ್ರೆ ಮಾಡಿದ್ರು, ಆದ್ರೆ ಮನೆ ಮುಂದೆ ಕ್ಯಾಮೆರಾ ಇಟ್ಟು, ಊರ ಬೋರ್ಡು ತೋರ್ಸಿ, ಪಕ್ಕದ ಮನೆಯೋರ ಬೈಟ್ ತಗೊಂಡ್ರೆ ಬ್ಲರ್ ಮಾಡಿ ಏನುಪಯೋಗ. ನಾನು ಈ ಬರಹದಲ್ಲಿ ತೀರ್ಪು ಬಂದ ಕೇಸಿನ ಬಗ್ಗೆ ಊರು, ವಯಸ್ಸು ಹಾಕದೇ ಇರೋದಕ್ಕೂ ಅದೇ ಕಾರಣ.

ಪೆನ್‌ಡ್ರೈವ್ ಬರದೇ ಇದ್ದಿದ್ರೆ?

ಇದು ನಿಜಕ್ಕೂ ಕಷ್ಟದ ಪ್ರಶ್ನೆ, ಇದನ್ನ ತಪ್ಪಿಸ್ಕೊಂಡು ಹೋದ್ರೆ ಪ್ರಕರಣ ಅಧ್ಯಯನ ಅಂತ ಕರ್ಕೊಳ್ಳೋದೇ ವೇಸ್ಟು. ನನ್ನ ಸ್ನೇಹಿತ ಒಬ್ಬ, ಹೊಳೆನರಸೀಪುರ ಕಡೆಯೋನೇ, ಮುಖಕ್ಕೆ ಹೊಡೆದಂಗೆ ಹೇಳ್ದ: "ನೀನು ದೊಡ್ಡ ದೊಡ್ಡ ಮಾತಾಡ್ಬೇಡ ಕಣಪ್ಪ, ಆ ಪೆನ್‌ಡ್ರೈವ್ ಬೀಳದೇ ಇದ್ದಿದ್ರೆ ಆಯೋಗ ಬರೀತಿರ್ಲಿಲ್ಲ, ಎಸ್‌ಐಟಿ ಬರ್ತಿರ್ಲಿಲ್ಲ, ಅವ್ನು ಇವತ್ತೂ ಎಂಪಿ ಆಗಿರೋನು." ಇದ್ರಲ್ಲಿ ಸತ್ಯ ಇದೆ. ಘಟನೆಗಳ ಕ್ರಮ ನೋಡಿದ್ರೆ ಮೊದಲು ಬೀದಿಗೆ ಬಿತ್ತು, ಆಮೇಲೆ ಸರ್ಕಾರ ಎದ್ದಿತು. ಆ ಮನೆಯ ಮೇಲೆ ಯಾರು ತಾನೇ ಸ್ಟೇಷನ್‌ಗೆ ಹೋಗಿ ದೂರು ಕೊಡ್ತಿದ್ರು, ಕೊಟ್ರೂ ಯಾವ ಎಸ್‌ಐ ಬರ್ಕೊಳ್ತಿದ್ದ, ಅವನ ಪೋಸ್ಟಿಂಗ್ ಲೆಟರೂ ಅಲ್ಲಿಂದಾನೇ ಬಂದಿರ್ಬಹುದಲ್ಲ.

ಆದ್ರೂ ನಾನು ಒಪ್ಪಲ್ಲ, ಕಾರಣ ಹೇಳ್ತೀನಿ. ಆ ಫೈಲುಗಳು ಏಪ್ರಿಲ್‌ನಲ್ಲಿ ಹುಟ್ಟಿದ್ದಲ್ಲ. ತಡೆಯಾಜ್ಞೆ 2023ರ ಜೂನ್‌ದು, ಅಂದ್ರೆ ಅಷ್ಟೊತ್ತಿಗಾಗ್ಲೇ ಯಾರ್ಯಾರ ಕೈಲೋ ಇತ್ತು. ಇದ್ದೋರಿಗೆ ಹೆಣ್ಮಕ್ಕಳ ಚಿಂತೆ ಇದ್ದಿದ್ರೆ ಮಹಿಳಾ ಆಯೋಗ ಇತ್ತು, ಹೈಕೋರ್ಟ್ ಇತ್ತು, ಮುಚ್ಚಿದ ಲಕೋಟೇಲಿ ಕೊಡೋಕೆ ಹತ್ತು ದಾರಿ ಇತ್ತು, ಮತ್ತೆ 2023ರ ಮೇ ಆದ್ಮೇಲೆ ರಾಜ್ಯದಲ್ಲಿ ಇದ್ದ ಸರ್ಕಾರ ಆ ಮನೆ ಪಾರ್ಟಿದೂ ಅಲ್ಲ. ಅಷ್ಟು ದಿನ ಇಟ್ಕೊಂಡು ವೋಟಿಂಗ್‌ಗೆ ನಾಲ್ಕು ದಿನ ಇರುವಾಗ ಎಸೆದ್ರಲ್ಲ, ಅದು ನ್ಯಾಯಕ್ಕೆ ಅಂತ ನಂಬೋಷ್ಟು ನಾವ್ಯಾರೂ ದಡ್ಡರಲ್ಲ. ಚುನಾವಣೆ ಲೆಕ್ಕದಲ್ಲೂ ಅದು ಅಂದ್ಕೊಂಡಷ್ಟು ಕೆಲಸ ಮಾಡ್ಲಿಲ್ಲ ನೋಡಿ. ಸೋತ್ರೂ ಪ್ರಜ್ವಲ್‌ಗೆ ಆರು ಲಕ್ಷಕ್ಕಿಂತ ಜಾಸ್ತಿ ವೋಟ್ ಬಿತ್ತು. ಎದುರು ಪಾರ್ಟಿಯೋರು ಮಾಡ್ಸಿದ್ದು, ಮಾರ್ಫಿಂಗು, ಅಂತ ಹೇಳ್ಕೊಂಡು ಜನ ಹೋಗಿ ಒತ್ತಿ ಬಂದ್ರು. ಮೂಲ ಗೊತ್ತಿಲ್ಲದೆ ಬೀದೀಲಿ ಸಿಕ್ಕಿದ್ದನ್ನ ನಂಬೋನೂ ಅರ್ಧ ನಂಬ್ತಾನೆ, ನಂಬದೋನಿಗೂ ನೆಪ ಸಿಗುತ್ತೆ. ಅದೇ ಒಂದು ಎಫ್‌ಐಆರ್, ಮ್ಯಾಜಿಸ್ಟ್ರೇಟ್ ಮುಂದೆ ಒಂದು ಹೇಳಿಕೆ, ಒಂದು ನೆಟ್ಟಗಿನ ವರದಿ ಮತದಾನಕ್ಕೆ ಆರು ತಿಂಗಳು ಮುಂಚೆ ಬಂದಿದ್ರೆ ಮತದಾರನಿಗೆ ಗೊತ್ತಾಗ್ಬೇಕಿದ್ದು ಗೊತ್ತಾಗ್ತಿತ್ತು.

ಕೋರ್ಟಲ್ಲಿ ಶಿಕ್ಷೆ ಆಗಿದ್ದೂ ಊರೆಲ್ಲಾ ನೋಡಿದ್ದಕ್ಕಲ್ಲ. ಆ ಹೆಣ್ಮಗಳು ನಿಂತು ಸಾಕ್ಷಿ ಹೇಳಿದ್ದಕ್ಕೆ, ಎತ್ತಿಟ್ಟಿದ್ದ ಸೀರೆ ಸಿಕ್ಕಿ ಅದ್ರ ಮೇಲಿನ ಡಿಎನ್‌ಎ ತಾಳೆ ಆಗಿದ್ದಕ್ಕೆ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದಿದ್ದಕ್ಕೆ. ಇಂಥ ಕೇಸಿನ ವಿಚಾರಣೆ ಕಾನೂನಿನ ಪ್ರಕಾರನೇ ಮುಚ್ಚಿದ ಬಾಗಿಲೊಳಗೆ ನಡೆಯುತ್ತೆ. ವಿಡಿಯೋ ಸಾಕ್ಷಿ ಆಗ್ಬೇಕಿದ್ರೆ ಜಡ್ಜು, ತಜ್ಞರು, ಎರಡು ಕಡೆ ವಕೀಲರು ನೋಡಿದ್ರೆ ಸಾಕು. ಹಾಸನದ ಒಬ್ಬನೇ ಒಬ್ಬ ಫಾರ್ವರ್ಡ್ ಮಾಡಿದ್ದು ಆ ತೀರ್ಪಿಗೆ ಒಂದು ಸಾಲೂ ಸೇರ್ಸಿಲ್ಲ.

ಆ ತೀರ್ಪಲ್ಲಿ ಅತ್ಯಾಚಾರದ ಸೆಕ್ಷನ್‌ಗಳ ಜೊತೆ ಇನ್ನೊಂದು ಇದೆ, ಅದನ್ನ ಯಾವ ಚಾನೆಲ್ಲೂ ಹೆಡ್‌ಲೈನ್ ಮಾಡ್ಲಿಲ್ಲ. ಐಟಿ ಕಾಯ್ದೆಯ 66ಇ. ಒಬ್ಬರ ಒಪ್ಪಿಗೆ ಇಲ್ಲದೆ ಅವರ ಗುಪ್ತಾಂಗದ ಚಿತ್ರ ತೆಗೆಯೋದು, ಕಳ್ಸೋದು, ಖಾಸಗಿತನದ ಉಲ್ಲಂಘನೆ ಅಂತಾನೇ ಆ ಸೆಕ್ಷನ್ ಹೆಸರು. ತನ್ನ ಬಗ್ಗೆ ಒಂದು ಫ್ರೇಮ್ ಕೂಡ ಹೊರಗೆ ಬರ್ಬಾರ್ದು ಅಂತ 86 ಮಾಧ್ಯಮಗಳ ಮೇಲೆ ತಡೆ ತಂದಿದ್ದೋನು, ಇನ್ನೊಬ್ಬರ ಖಾಸಗಿತನ ಮುರಿದ ಅಪರಾಧಿ ಅಂತ ತೀರ್ಪಾಗಿದೆ. ಫೋನಲ್ಲಿ ರೆಕಾರ್ಡ್ ಮಾಡಿದ್ದು ಯಾಕೆ ಅಂತ ಕೇಳಿದ್ರೆ, ಬಾಯಿ ಬಿಟ್ರೆ ತೋರ್ಸ್ತೀನಿ ಅನ್ನೋದೊಂದೇ ಉತ್ತರ ನನಗೆ ಹೊಳೆಯೋದು. ಊರು ಅದನ್ನ ಫಾರ್ವರ್ಡ್ ಮಾಡಿ ಆ ಬೆದರಿಕೆನ ನಿಜ ಮಾಡಿ ಕೊಟ್ತು.

ಹಂಗಾದ್ರೆ ಗೆರೆ ಎಲ್ಲಿ

ಮಲಗೋ ಕೋಣೆ ಪ್ರೈವೇಟು, ಆಫೀಸು ಪಬ್ಲಿಕ್ಕು, ಈ ಗೆರೆ ಹಾಸನದಲ್ಲಿ ನಿಲ್ಲಲಿಲ್ಲ. ಜನ ಲೆಟರ್ ಕೇಳ್ಕೊಂಡು ಬರೋ ಮನೆ, ಕೆಲಸದೋರು ಹತ್ತಾರು ಜನ ಇರೋ ಮನೆ, ಅದ್ರಲ್ಲಿ ಯಾವ ಕೋಣೆ ಎಂಪಿದು, ಯಾವ ಕೋಣೆ ಬರೀ ಪ್ರಜ್ವಲ್‌ದು? ನಾನು ಕೇಳೋ ಪ್ರಶ್ನೆ ಬೇರೆ. ಆ ಬಾಗಿಲ ಹಿಂದೆ ಇನ್ನೊಬ್ಬರು ಇದ್ರಾ, ಇದ್ರೆ ಅವ್ರಿಗೆ ಬೇಡ ಅನ್ನೋ ಶಕ್ತಿ ಇತ್ತಾ? ಇಬ್ಬರು ವಯಸ್ಕರು, ಯಾರ ಹಂಗೂ ಇಲ್ಲದೆ ಒಪ್ಕೊಂಡು ಇದ್ರೆ, ಅವ್ರು ಎಂಎಲ್‌ಎ ಆಗ್ಲಿ ಮಂತ್ರಿ ಆಗ್ಲಿ ನಮಗೇನೂ ಸಂಬಂಧ ಇಲ್ಲ, ಅವರ ಹೆಂಡತಿಗೆ ಗಂಡನಿಗೆ ಸಂಬಂಧ ಇರ್ಬಹುದು ಅಷ್ಟೇ. ಡೈವೋರ್ಸು, ಕಾಯಿಲೆ, ಮಗ ಫೇಲ್ ಆಗಿದ್ದು, ಮಗಳು ಯಾರನ್ನ ಮದುವೆ ಆದ್ಲು, ಬೇಡ. ಕೆಲಸ ಕೊಡಿಸ್ತೀನಿ, ಟ್ರಾನ್ಸ್‌ಫರ್ ಮಾಡಿಸ್ತೀನಿ ಅನ್ನೋ ಅಧಿಕಾರ ಆ ಕೋಣೆಗೆ ಬಂತು ಅಂದ್ರೆ ಅದು ಸಾರ್ವಜನಿಕ ವಿಷಯ, ಆದ್ರೆ ಆಗ್ಲೂ ನಮಗೆ ಸಿಗಬೇಕಾದ್ದು ಮಾಹಿತಿ, ದೃಶ್ಯ ಅಲ್ಲ.

ಪಕ್ಕದ ಚಿಕ್ಕಮಗಳೂರಲ್ಲಿ ಇದಕ್ಕೆ ಇನ್ನೊಂದು ಉದಾಹರಣೆ ಇದೆ, ಅಪರಾಧದ್ದಲ್ಲ, ದುಃಖದ್ದು. 2019ರ ಜುಲೈ ಕೊನೇಲಿ ಕಾಫಿ ಡೇ ಸಿದ್ಧಾರ್ಥ ಅವರು ನೇತ್ರಾವತಿ ಸೇತುವೆ ಹತ್ರ ಕಾಣೆ ಆದಾಗ ಚಾನೆಲ್‌ಗಳು ಮಾಡಿದ್ದು ನೆನಪಿದ್ಯಾ. ಅವರ ಸಹಿ ಇದೆ ಅಂತ ಹೊರಬಂದ ಪತ್ರ, ಸಾಲ, ತೆರಿಗೆ ಇಲಾಖೆ ಬಗ್ಗೆ ಇದ್ದ ಮಾತು, ಅದೆಲ್ಲಾ ಸಾರ್ವಜನಿಕವೇ, ಕಂಪನಿ ಷೇರ್ ಮಾರ್ಕೆಟ್ಟಲ್ಲಿತ್ತು, ಷೇರ್ ತಗೊಂಡೋರಿಗೆ, ಅಲ್ಲಿ ದುಡಿಯೋರಿಗೆ, ಕಾಫಿ ಹಾಕಿದ್ದ ಬೆಳೆಗಾರರಿಗೆ ತಿಳ್ಕೊಳ್ಳೋ ಹಕ್ಕಿತ್ತು. ಆದ್ರೆ ಮನೆಯೋರು ಅಳೋದನ್ನ ಕ್ಲೋಸಪ್ಪಲ್ಲಿ ತೋರ್ಸೋಕೆ ಯಾರ ಹಕ್ಕಿತ್ತು? ಮಲೆನಾಡಲ್ಲಿ ಸಾವಿನ ಮನೆಗೆ ಹೋದ್ರೆ ಜನ ಹೊರಗೆ ಜಗಲೀಲಿ ಕೂತು ಬರ್ತಾರೆ, ಒಳಗೆ ನುಗ್ಗಲ್ಲ. ಕ್ಯಾಮೆರಾಗೆ ಆ ರೀತಿ ರಿವಾಜು ಯಾರೂ ಹೇಳಿಕೊಟ್ಟಿಲ್ಲ.

ಸಿನಿಮಾದೋರು, ಕ್ರಿಕೆಟ್‌ನೋರ ವಿಷಯ ಇನ್ನೂ ಸುಲಭ. ಅವರಿಗೆ ನಾವು ವೋಟ್ ಹಾಕಿಲ್ಲ, ಟಿಕೆಟ್ ತಗೊಂಡಿದೀವಿ, ಟಿಕೆಟ್ಟಿಗೆ ಸಿನಿಮಾ ಸಿಕ್ತು, ಲೆಕ್ಕ ಚುಕ್ತಾ. ಪೊಲೀಸ್ ಕೇಸ್ ಆದ್ರೆ ಮಾತ್ರ ಬೇರೆ.

ಒಂದೇ ಒಂದು ಕಡೆ ನನಗೆ ಇನ್ನೂ ಗೊಂದಲ ಇದೆ, ಮುಚ್ಚಿಡಲ್ಲ. ವೇದಿಕೆ ಮೇಲೆ ಸಂಸ್ಕೃತಿ, ಕುಟುಂಬ, ಹೆಣ್ಮಕ್ಕಳು ಹೆಂಗಿರ್ಬೇಕು ಅಂತ ಭಾಷಣ ಬಿಗಿಯೋ ರಾಜಕಾರಣಿ, ತಾನು ಮನೇಲಿ ಅದಕ್ಕೆ ಉಲ್ಟಾ ಇದ್ರೆ ಬರೀಬಹುದಾ? ಬರೀಬಹುದು ಅನ್ಸುತ್ತೆ, ತನ್ನ ಸಂಸಾರನ ವೋಟಿಗೆ ಬಂಡವಾಳ ಮಾಡಿದ್ದು ಅವನೇ ಅಲ್ವಾ. ಆದ್ರೆ ಬರೆದ್ರೆ ಅಲ್ಲಿ ಇನ್ನೊಂದು ಹೆಣ್ಣಿನ ಹೆಸರು ಬಂದೇ ಬರುತ್ತೆ, ಅವಳು ಯಾವ ವೇದಿಕೆ ಮೇಲೂ ಏನೂ ಹೇಳಿರಲ್ಲ. ಅಲ್ಲಿಗೆ ಬಂದು ನಾನು ನಿಂತ್ಬಿಡ್ತೀನಿ.

ಇನ್ನು ಆಗ್ಬೇಕಾದ್ದು. ಹೈಕೋರ್ಟಲ್ಲಿ ಮೇಲ್ಮನವಿ ಇದೆ, ಅದ್ರ ತೀರ್ಪು ಏನೇ ಬರ್ಲಿ, ಮತ್ತೆ ಒಂದು ವಾರ ಟಿವಿ ತುಂಬಾ ಅದೇ ಇರುತ್ತೆ, ಹಳೇ ಫೈಲುಗಳು ಮತ್ತೆ ಗ್ರೂಪಲ್ಲಿ ಓಡಾಡ್ತವೆ. ಐಟಿ ಕಾಯ್ದೆ 67ಎ ಪ್ರಕಾರ ಇಂಥ ಲೈಂಗಿಕ ವಿಡಿಯೋ ಕಳ್ಸಿದೋನಿಗೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಯಾರಾದ್ರೂ ಕಳ್ಸಿದ್ರೆ ಸೈಬರ್ ಸಹಾಯವಾಣಿ 1930ಕ್ಕೆ ಅಥವಾ ಸೈಬರ್ ಕ್ರೈಮ್ ಪೋರ್ಟಲ್‌ಗೆ ದೂರು ಕೊಡ್ಬಹುದು, ಹೆಸರು ಹೇಳದೇನೂ ಪೋರ್ಟಲ್‌ನಲ್ಲಿ ಕೊಡೋಕೆ ಅವಕಾಶ ಇದೆ. ಗ್ರೂಪ್ ಅಡ್ಮಿನ್ ಆಗಿರೋರು ಕಳ್ಸಿದೋನನ್ನ ಅಲ್ಲೇ ತೆಗೆದು ಹಾಕಿ, ಸಂಬಂಧಿಕ ಆಗಿದ್ರೂನೂ.